ಕಲಕುವ ಕಡ್ಡಿ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅಕ್ಕ-ತಂಗಿ ಕೂತಿದ್ದರು. ತಂಗಿಯ ತೋಳಿನ ಮೇಲೆ ತುಕ್ಕಿನ ಬಣ್ಣದ ಕಲೆಯಿತ್ತು.

"ನಿಮ್ಮ ಲ್ಯಾಬಲ್ಲಿ ಕಬ್ಬಿಣದ ಕ್ಯಾಟಲಿಸ್ಟ್ ಕೆಲಸ ಮಾಡ್ತು ಅಂತ ಊರೆಲ್ಲ ಹೇಳ್ಕೊಂಡು ಬಂದೆನಲ್ಲೇ ನಾನು."

"ಕಬ್ಬಿಣ ಮಾಡ್ಲಿಲ್ಲ ಅಕ್ಕ. ಪೆಲೇಡಿಯಂ ಮಾಡ್ತು."

"ಆ ದುಬಾರಿ ಲೋಹವೇ ಬೇಡ ಅಂತ ಅಲ್ವಾ ನೀವು ಹೊರಟಿದ್ದು?"

"ದ್ರಾವಣದೊಳಗೆ ತಿರುಗಿ ಕಲಕೋ ಪುಟ್ಟ ಕಡ್ಡಿಗೆ ಅದು ಮೊದಲೇ ಮೆತ್ಕೊಂಡಿತ್ತು. ಹಿಂದೆ ಯಾರೋ ಬಳಸಿದ ಕಡ್ಡಿ. ಕಣ್ಣಿಗೆ ಕಾಣದಷ್ಟಿದ್ರೂ ಸಾಕು. ಇವತ್ತು ಹೊಸ ಕಡ್ಡಿ ಹಾಕಿದೆ, ರಿಯಾಕ್ಷನ್ ಮಿಸುಕಾಡ್ಲೇ ಇಲ್ಲ."

"ಹಾಗಾದ್ರೆ ಇಷ್ಟು ವರ್ಷ ಹೊಳೇಲಿ ಹುಣಸೇಹಣ್ಣು ಕಿವುಚಿದ್ಯಾ?"

"ಹೂಂ."

"ನಿಮ್ಮ ಗೈಡ್ ಏನಂದ್ರು?"

"ನಾಳೆ ಕಂಪನಿಯವರು ನೋಡೋಕೆ ಬರ್ತಾರೆ, ಹಳೇ ಕಡ್ಡಿನೇ ಹಾಕು, ಬಾಯಿ ಮುಚ್ಕೊಂಡಿರು ಅಂದ್ರು."

"ಹಾಕ್ತೀಯಾ?"

ತಂಗಿ ಬ್ಯಾಗಿನಿಂದ ಬೆರಳಿನ ಗೆಣ್ಣಿನಷ್ಟುದ್ದದ ಬಿಳಿ ಕಡ್ಡಿಯೊಂದನ್ನು ತೆಗೆದಳು. "ಹಳೇದನ್ನ ಎತ್ಕೊಂಡು ಬಂದ್ಬಿಟ್ಟೆ. ಎಲ್ಲಾದ್ರೂ ಎಸೀಬೇಕು."

ಅಕ್ಕ ಕೈ ಚಾಚಿದಳು. "ಇಲ್ಲಿ ಕೊಡು. ಬೆಳಗಾದ್ರೆ ನಿನ್ನ ಮನಸ್ಸು ತಿರುಗತ್ತೆ."

"ತಿರುಗಲ್ಲ."

"ಮತ್ತೆ ಕೊಡು."

ಅವರ ಸ್ಟಾಪ್ ಬಂತು. ಮೆಟ್ಟಿಲಿಳಿಯುವಾಗಲೂ ಅಕ್ಕನ ಕೈ ಚಾಚಿಯೇ ಇತ್ತು. ತಂಗಿಯ ಮುಷ್ಟಿ ಬಿಚ್ಚಿರಲಿಲ್ಲ.