ಇಬ್ಬರೂ ನೋಡಬೇಕು

ಬಂದಿರುವ ಎಲ್ಲರಿಗೂ ನಮಸ್ಕಾರ. ಭಾವನವರಿಗೆ, ಅಕ್ಕನ ಅತ್ತೆಯವರಿಗೆ, ಮಗಳಿಗೆ — ಏನು ಹೇಳಲಿ? ಕಳೆದ ವಾರ ಅಕ್ಕ ಪ್ರಯೋಗಾಲಯದಲ್ಲೇ ಕುಸಿದು ಬಿದ್ದು ತೀರಿಕೊಂಡರು. ಅವತ್ತಿನಿಂದ ನನಗೆ ಅಳು ಬಂದಿಲ್ಲ. ಮನಸ್ಸು ಮರಗಟ್ಟಿದೆ.

ಒಡಹುಟ್ಟಿದ ಅಕ್ಕ ಅಲ್ಲ, ಒಂದೇ ಮೇಜಿನ ಅಕ್ಕ. ಇಬ್ಬರದೂ ರೋಗನಿರೋಧಕ ಶಕ್ತಿಯ ಕೆಲಸ. ರಕ್ತದ ಬಿಳಿಕಣಗಳಲ್ಲಿ ಅವರದು ಬಿ ಕೋಶ, ನನ್ನದು ಟಿ ಕೋಶ. ಬಿ ಕೋಶ ರೋಗಾಣುವನ್ನು ಹಿಡಿದು, ಅದರ ಚೂರನ್ನು ತನ್ನ ಮೈಮೇಲೆ ಹೀಗೆ — ಅಂಗೈಯಲ್ಲಿಟ್ಟ ಹಾಗೆ — ತೋರಿಸುತ್ತದೆ. ಆ ರೋಗಾಣುವನ್ನು ಬಲ್ಲ ಟಿ ಕೋಶ ಬಂದು ನೋಡಿ, ಹೌದು ಅಂದರೆ ಬಿ ಕೋಶ ಬೆಳೆದು ಬಲವಾದ ಪ್ರತಿಕಾಯಗಳನ್ನು ತಯಾರಿಸುತ್ತದೆ. ಇಲ್ಲದಿದ್ದರೆ ಸಾಮಾನ್ಯವಾಗಿ ಹಿಡಿದದ್ದೂ ವ್ಯರ್ಥ. ಒಬ್ಬರೇ ತೀರ್ಮಾನಿಸಿದರೆ ದೇಹ ತನ್ನ ಮೇಲೆ ತಾನೇ ಕೈ ಮಾಡೀತು, ನೋಡಿ.

"ನಿನ್ನ ಟಿ ಕೋಶ ನಮ್ಮತ್ತೆ ಇದ್ದ ಹಾಗೆ ಕಣೋ, ಅವರು ಹೂಂ ಅನ್ನದೆ ಒಲೆ ಹತ್ತಲ್ಲ" ಅನ್ನುತ್ತಿದ್ದರು. ಅತ್ತೆಯವರೇ, ಬೇಜಾರು ಮಾಡ್ಕೋಬೇಡಿ. ನಿಮ್ಮೆದುರೂ ಇದನ್ನೇ ಹೇಳಿದ್ದರಂತೆ.

ನಮ್ಮ ಕೆಲಸಕ್ಕೂ ಅದೇ ಕಟ್ಟಳೆ. ಇಬ್ಬರು ಎದುರುಬದುರು ಕೂತು ನೋಡುವ ಸೂಕ್ಷ್ಮದರ್ಶಕ. ಒಬ್ಬರೇ ಕಂಡದ್ದು ಕಂಡದ್ದಲ್ಲ.

ಮುದಿ ಇಲಿಯಲ್ಲೂ ಈ ಎರಡು ಕೋಶ ಚೆನ್ನಾಗಿಯೇ ಕೂಡಿ ಕೆಲಸ ಮಾಡುತ್ತವೆ ಅನ್ನುವುದು ಅಕ್ಕನ ಹಟ. ಯಾರೂ ನಂಬಲಿಲ್ಲ. ಮುದಿ ಇಲಿಯ ಕೋಶಗಳಿಂದ ಅವರು ಸಿದ್ಧಮಾಡಿಟ್ಟ ಕೊನೆಯ ಸ್ಲೈಡನ್ನು ಮೊನ್ನೆ ನೋಡಿದೆ. ಎದುರಿನ ಸ್ಟೂಲು ಖಾಲಿ. "ಅಕ್ಕ ಗೆದ್ದರು ಅಂತ ಸಭೇಲಿ ಹೇಳಿಬಿಡಿ, ಮನೆಯವರಿಗೆ ಸಮಾಧಾನ ಆಗುತ್ತೆ" ಅಂದರು ನಮ್ಮ ಸಂಸ್ಥೆಯ ನಿರ್ದೇಶಕರು. ನೋಡಿದವನು ನಾನೊಬ್ಬನೇ. ಹೇಗೆ ಹೇಳಲಿ?

ಅಮ್ಮನ ಸಾಮಾನು ತೆಗೆದುಕೊಂಡು ಹೋಗಲು ಮಗಳು ಬಂದಳು. ಖಾಲಿ ಸ್ಟೂಲಿನಲ್ಲಿ ಕೂರಿಸಿದೆ. ಕೆಂಪು ಟಿ, ಹಸಿರು ಬಿ, ಅಂಟಿಕೊಂಡಿದ್ದರೆ ಕೂಡಿವೆ ಅಂತ ಹೇಳಿಕೊಟ್ಟೆ. ತುಂಬ ಹೊತ್ತು ನೋಡಿದಳು. "ಅಂಟ್ಕೊಂಡಿದಾವೆ ಮಾಮ" ಅಂದಳು. ಆಮೇಲೆ ತಾನೇ — "ಆದ್ರೆ ನನ್ನ ಮಾತು ಲೆಕ್ಕಕ್ಕಿಲ್ಲ ಬಿಡಿ. ಅಮ್ಮ ಗೆಲ್ಲಲಿ ಅಂತ್ಲೇ ನೋಡ್ದೆ."

ಭಾವ, ಆ ಸ್ಲೈಡನ್ನು ಬೇರೆ ಪ್ರಯೋಗಾಲಯಕ್ಕೆ ಕಳಿಸಿದ್ದೇವೆ, ಯಾರದೆಂದು ತಿಳಿಸದೆ. ಅಕ್ಕ ಸರಿಯೋ ತಪ್ಪೋ — ಇವತ್ತು ಹೇಳಲಾರೆ. ಅವರು ಗೆಲ್ಲಲಿ ಅಂತ ನನಗೂ ಆಸೆ. ಅದಕ್ಕೇ ಹೇಳಲಾರೆ.

ಇಷ್ಟು ಹೊತ್ತು ಮಾತಾಡಿದೆ. ಒಮ್ಮೆಯೂ ಯಾರೂ "ತಪ್ಪು ಕಣೋ" ಅಂತ ನಡುವೆ ಬಾಯಿ ಹಾಕಲಿಲ್ಲ. ಅಕ್ಕ ಇಲ್ಲ — ಈಗ ಗೊತ್ತಾಗುತ್ತಿದೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಸ್ವಲ್ಪ ಹೊತ್ತು ಯಾರೂ ಮಾತಾಡುವುದು ಬೇಡ.