ರೇಖಾ ಹೆಸರಿನ ಚೀಟಿ

ಮಂಡಿನೋವಿಗೆಂದು ಕತ್ರಿಗುಪ್ಪೆಯ ಫಿಜಿಯೋಥೆರಪಿ ಕ್ಲಿನಿಕ್ಕಿಗೆ ಬಂದಿದ್ದ ಸುಧಾಮಣಿ, ಪಕ್ಕದಲ್ಲಿ ಕೂತ ಗಂಡ ಹೆಂಡಿರ ಪಿಸುಮಾತಿಗೆ ಕಿವಿಗೊಡಬಾರದು ಎಂದುಕೊಂಡೇ ಕಿವಿಗೊಟ್ಟಳು.

“ನನ್ನ ಹೆಸರಲ್ಲಿ ಯಾಕ್ರೀ ಚೀಟಿ ಬರೆಸಿದ್ರಿ? ಜೊತೆಗೆ ಮಲಗಿದಾಗ ನೋವಾಗೋದು ನಿಮಗಲ್ವಾ?”

“ಮೆತ್ತಗೆ ಮಾತಾಡೇ. ಗಂಡಸಿಗೆ ಅಲ್ಲಿ ನೋವು ಅಂದ್ರೆ ನಗ್ತಾರೆ.”

“ಇಲ್ಲಿಗೆ ಕಳಿಸಿದ ಡಾಕ್ಟರ್ ನಗಲಿಲ್ವಲ್ಲ. ಸ್ನಾಯು ಬಿಗಿಯಾಗಿದೆ, ವ್ಯಾಯಾಮ ಮಾಡಿದ್ರೆ ಸರಿಹೋಗತ್ತೆ ಅಂದ್ರು.”

“ಅಮ್ಮಂಗೆ ಗೊತ್ತಾದ್ರೆ?”

“ಮಗು ಆಗ್ಲಿಲ್ಲ ಅಂತ ನಿಮ್ಮಮ್ಮ ನಲವತ್ತೆಂಟು ದಿನ ಅರಳಿಕಟ್ಟೆ ಸುತ್ತಿಸಿದ್ದು ನನ್ನನ್ನ. ಆಗ್ಲೂ ನೀವು ಬಾಯಿ ಬಿಡಲಿಲ್ಲ.”

ಒಳಗಿನಿಂದ “ರೇಖಾ” ಎಂದು ಕರೆದರು.

“ನೀನೂ ಬಾರೇ.”

“ಕಟ್ಟೆ ನಾನೊಬ್ಳೇ ಸುತ್ತಿದ್ದೆ. ನೀವೊಬ್ರೇ ಹೋಗಿ.” ಅವಳು ಬ್ಯಾಗು ಹೆಗಲಿಗೇರಿಸಿ ಹೊರನಡೆದಳು.

ಮತ್ತೆ ಕರೆದರು. ಸುಧಾಮಣಿ ನೆಲ ನೋಡಿದಳು.

“ಪೇಷಂಟ್ ಹೊರಟುಹೋದ್ರು, ಮೇಡಂ” ಎಂದು ಹೇಳಿ ಅವನೂ ಮೆಟ್ಟಿಲಿಳಿದ.