ಮುಳುಗಿದ ಕೋಣೆಯ ದಾರಿ

ಬಿಸಿಯಾದ ಧೂಳಿನ ವಾಸನೆ ಬಂದರೆ ನನಗೆ ಈಗಲೂ ಅಪ್ಪನ ಹಳೇ ರೇಡಿಯೋ ನೆನಪಾಗುತ್ತದೆ. ಮಳೆಗಾಲದಲ್ಲಿ ಅದನ್ನು ಹಚ್ಚಿದರೆ ಒಳಗಿನ ಗಾಜಿನ ವಾಲ್ವುಗಳು ನಿಧಾನವಾಗಿ ಕೆಂಪಾಗಿ, ಮೇಲೆ ಕೂತ ಧೂಳು ಸುಟ್ಟು, ದನಿಗಿಂತ ಮೊದಲು ವಾಸನೆ ಬರುತ್ತಿತ್ತು. ಆ ಸಂಜೆಯೂ ಹಾಗೇ ಆಯಿತು. ಬೆಳಗಿನಿಂದ ಬಿಡದ ಮಳೆ. ಕರೆಂಟು ಹೋಗಿ ಬಂದಿತ್ತು. ಗೋಡೆಯ ಮೇಲಿನ ಇಂಟರ್‌ನೆಟ್ ಪೆಟ್ಟಿಗೆ ಬೆಚ್ಚಗಾಗುತ್ತ ಅದೇ ವಾಸನೆ ಬಿಡುತ್ತಿತ್ತು.

ಕಾಲೇಜಿನ ಕೆಲಸ ಕಳಿಸಬೇಕೆಂಬ ಅವಸರದಲ್ಲಿದ್ದ ನನ್ನ ಮೊಮ್ಮಗಳು ಅದರ ನೆತ್ತಿಗೆ ತಟ್ಟುತ್ತಿದ್ದಳು.

"ತಟ್ಟಬೇಡ್ವೇ. ಮೂರು ನಿಮಿಷ ಕೊಡು ಅದಕ್ಕೆ," ಎಂದಳು ನನ್ನ ಅಕ್ಕ.

"ಮೂರೇ ಯಾಕೆ ದೊಡ್ಡಜ್ಜಿ? ಮುಹೂರ್ತ ನೋಡಿ ಏಳುತ್ತಾ ಇದು?"

ಅಕ್ಕ ನಗಲಿಲ್ಲ. ನಿವೃತ್ತಳಾಗುವವರೆಗೆ ಆಂಬುಲೆನ್ಸ್ ಕಚೇರಿಯ ನೆಟ್‌ವರ್ಕ್ ಕೋಣೆಯಲ್ಲಿ ದುಡಿದವಳು ಅವಳು. ಆ ಕೆಲಸದ ಬಗ್ಗೆ ಮನೆಯಲ್ಲಿ ಎಂದೂ ಬಾಯಿ ಬಿಟ್ಟವಳಲ್ಲ. ತನ್ನ ಶಾಲನ್ನು ತೆಗೆದು ಹುಡುಗಿಯ ಕಾಲಿನ ಮೇಲೆ ಹೊದಿಸಿದಳು. ಅಷ್ಟರಲ್ಲಿ ಮತ್ತೆ ಕರೆಂಟು ಹೋಯಿತು. ನಾನು ಮೇಣದಬತ್ತಿ ಹಚ್ಚಿ ಬಂದು ಕುಳಿತೆ. ಅಕ್ಕ ಶುರು ಮಾಡಿದಳು.

"ಕೇಳು ಹಾಗಾದ್ರೆ... ಹದಿಮೂರು ವರ್ಷದ ಹಿಂದಿನ ಮಾತು. ಊರಲ್ಲಿ ಕರೆ ತಗೊಳ್ಳೋ ಕೋಣೆ ಎರಡಿದ್ವು, ಒಂದು ಗುಡ್ಡದ ಮೇಲೆ, ನಾನಿದ್ದಿದ್ದು ಅಲ್ಲೇ, ಇನ್ನೊಂದು ಹೊಳೆ ಪಕ್ಕ. ಎರಡರಲ್ಲೂ ಒಂದೊಂದು ರೂಟರ್, ಈ ಗೋಡೆ ಪೆಟ್ಟಿಗೆ ಥರದ್ದೇ, ದೊಡ್ಡದು. ಈ ಭಾಗದ ಕರೆ ನನ್ನ ಕಡೆ ಕಳಿಸಿ ಅಂತ ಅದು ಉಳಿದ ಯಂತ್ರಗಳಿಗೆ ಹೇಳ್ತಿರುತ್ತೆ, ಅವು ಆ ದಾರಿನ ಬರ್ಕೊಂಡಿರ್ತವೆ. ಈಗ ಯಾವುದೋ ರೂಟರನ್ನ ಆರಿಸಿ ಎಬ್ಬಿಸಬೇಕು ಅನ್ಕೋ. ಆರಿದ ತಕ್ಷಣ ಅದರ ದಾರಿನ ಎಲ್ಲರೂ ಅಳಿಸಿಬಿಟ್ರೆ, ಎದ್ದ ಮೇಲೆ ಮತ್ತೆ ಬರ್ಕೊಂಡ್ರೆ, ಇಡೀ ಜಾಲ ಅಲ್ಲಾಡುತ್ತೆ, ಮಾತಿನ ಮಧ್ಯೆ ಕರೆಗಳು ಬಿದ್ದುಹೋಗ್ತವೆ. ಅದಕ್ಕೇ ಅವುಗಳಲ್ಲೊಂದು ಒಪ್ಪಂದ. ಹೋಗಿ ಬರ್ತೀನಿ, ನನ್ನ ದಾರಿ ಅಳಿಸಬೇಡಿ ಅಂತ ಹೇಳಿಯೇ ಮಲಗೋದು. ಉಳಿದವು ಮೂರು ನಿಮಿಷ ಕಾಯ್ತವೆ. ಅಷ್ಟರಲ್ಲಿ ಬಂದ್ರೆ ಸರಿ, ಇಲ್ಲಾಂದ್ರೆ ದಾರಿ ಅಳಿಸಿ ಕರೆಗಳನ್ನ ಇನ್ನೊಂದು ಕೋಣೆಗೆ ತಿರುಗಿಸ್ತವೆ. ಆ ಮೂರು ನಿಮಿಷ ಏನಾಗುತ್ತೆ ಗೊತ್ತಾ? ಯಂತ್ರದ ತಲೆ ಮಲಗಿರುತ್ತೆ, ಕರೆ ದಾಟಿಸೋ ಕೈ ಮಾತ್ರ ಕೆಲಸ ಮಾಡ್ತಾನೇ ಇರುತ್ತೆ... ತಲೆ ಇಲ್ಲದ ಕೈ."

ಮೊಮ್ಮಗಳು ಗೋಡೆಯ ಪೆಟ್ಟಿಗೆಯಿಂದ ಸ್ವಲ್ಪ ಈಚೆ ಸರಿದು ಕುಳಿತಳು.

"ಹೊಳೆ ಕೋಣೆಲಿ ಕರೆ ತಗೊಳ್ತಿದ್ದವನಿಗೆ ನಾವೆಲ್ಲ ಮೂರ್ನಿಮಿಷ ಅಂತಿದ್ವಿ. ಫೋನ್ ಮಾಡಿದವರಿಗೆಲ್ಲ ಅವನು ಹೇಳೋದು ಒಂದೇ, ಮೂರು ನಿಮಿಷ, ಗಾಡಿ ಬಂತು. ಮದುವೆ ಯಾವಾಗಯ್ಯಾ ಅಂದ್ರೂ ಮೂರು ನಿಮಿಷ ಅಕ್ಕಾ ಅನ್ನೋನು. ಒಂಟಿ ಪ್ರಾಣಿ. ನಮ್ಮ ಆಂಬುಲೆನ್ಸ್ ಡ್ರೈವರ್ ಕೈಲಿ ದಿನಾ ಒಂದು ಊಟದ ಡಬ್ಬಿ ಕಳಿಸ್ತಿದ್ದೆ. ಎಷ್ಟೇ ಕೆಲಸ ಇರಲಿ, ಡಬ್ಬಿ ತೊಳೆದೇ ವಾಪಸ್ ಕೊಡೋನು.

"ಅವನ ರೂಟರ್ ಮುದಿಯಾಗಿತ್ತು. ಏಳೋಕೆ ಐದು ನಿಮಿಷ, ಕೆಲವು ಸಲ ಹತ್ತು. ಅಷ್ಟರಲ್ಲಿ ದಾರಿ ಅಳಿಸಿಹೋಗಿ ಕರೆಗಳು ಬೀಳೋವು, ಬೈಗುಳ ಅವನಿಗೆ. ಅಕ್ಕಾ, ನನ್ನದಕ್ಕೆ ಸ್ವಲ್ಪ ಜಾಸ್ತಿ ಕಾಯೋ ಹಾಗೆ ಮಾಡಿ ಅಂದ. ಪಾಪ ಅನ್ನಿಸ್ತು. ಮೂರು ನಿಮಿಷ ಇದ್ದಿದ್ದನ್ನ ಒಂದು ಗಂಟೆ ಮಾಡಿಬಿಟ್ಟೆ. ಯಾರನ್ನೂ ಕೇಳಲಿಲ್ಲ. ಒಳ್ಳೇದೇ ಮಾಡ್ತಿದೀನಿ ಅನ್ಕೊಂಡೆ... ಅಲ್ವಾ ಮತ್ತೆ?

"ಆಮೇಲೆ ಇಂಥದ್ದೇ ಒಂದು ಮಳೆ. ರಸ್ತೆ ಮೇಲೆ ನೀರು, ಡಬ್ಬಿ ಹೋಗಲಿಲ್ಲ, ನನ್ನ ಮೇಜಿನ ಮೇಲೇ ಉಳೀತು. ನಾಲ್ಕೂ ಹತ್ತಕ್ಕೆ ಅವನ ಯಂತ್ರ ಹೋಗಿ ಬರ್ತೀನಿ ಅಂತ ಹೇಳಿ ಮಲಗಿತು. ನಾಲ್ಕೂ ಹನ್ನೆರಡಕ್ಕೆ ಹೊಳೆ ಒಡ್ಡು ಒಡೀತು. ನನಗೇನು ಗೊತ್ತು? ನನ್ನ ಪರದೆ ಮೇಲೆ ಎಲ್ಲ ಹಸಿರು. ಒಂದು ಗಂಟೆ ಕಾಯಿ ಅಂತ ಹೇಳಿದವಳೇ ನಾನಲ್ವಾ, ಎಚ್ಚರಿಕೆ ಹೇಗೆ ಬರಬೇಕು? ಐದು ಗಂಟೆಗೆ ಡ್ರೈವರ್ ವೈರ್‌ಲೆಸ್‌ನಲ್ಲಿ ಕೂಗಿದ, ಅಕ್ಕಾ, ಹೊಳೆ ಕೋಣೆ ಸೂರಿನವರೆಗೂ ಮುಳುಗಿದೆ, ಯಾವಾಗಲೋ ಮುಳುಗಿದೆ ಅಂತ.

"ಐವತ್ತು ನಿಮಿಷ... ಅರ್ಧ ಊರಿನ ಕರೆಗಳನ್ನ ನಾನು ಹೊಳೆಗೆ ಸುರೀತಿದ್ದೆ. ಎಷ್ಟು ಜನ ಉಸಿರು ಹಿಡ್ಕೊಂಡು ಕಾದಿದ್ರೋ! ದಾರಿ ಅಳಿಸೋಕೆ ಅಂತ ಕೂತೆ. ಬೆರಳು ಒತ್ತಬೇಕು, ಅಷ್ಟರಲ್ಲಿ ಪರದೆ ಮೇಲಿನ ಕರೆಗಳ ಲೆಕ್ಕದ ಕಡೆ ಕಣ್ಣು ಹೋಯ್ತು. ಕರೆಗಳು ಹೊಳೆ ಕೋಣೆಗೆ ಹೋಗ್ತಿದ್ವು, ಸರಿ. ಆದ್ರೆ ಅಲ್ಲಿಂದ... ವಾಪಸ್ ಉತ್ತರಾನೂ ಬರ್ತಿತ್ತು.

"ನೀರಿನ ಅಡಿಯಿಂದ ಯಾರಮ್ಮಾ ಉತ್ತರ ಕೊಡ್ತಾರೆ?

"ಮೇಜಿನ ಫೋನ್ ಹೊಡ್ಕೊಳ್ತು. ಎತ್ತಿದೆ. ಮೊದಲು ಬರೀ ನೀರಿನ ಸದ್ದು, ಕೊಡದೊಳಗೆ ಕಿವಿ ಇಟ್ಟ ಹಾಗೆ. ಆಮೇಲೆ ಅವನ ದನಿ. ಅಕ್ಕಾ, ಅಳಿಸಬೇಡಿ. ಇನ್ನೊಂದು ಕರೆ ಇದೆ, ಚಿಕ್ಕ ಮಗು, ಉಸಿರಾಡ್ತಿಲ್ಲ. ಮೂರು ನಿಮಿಷ ಕೊಡಿ ಅಂದ.

"ಕೊಟ್ಟೆ. ಗಡಿಯಾರ ನೋಡ್ತಾ ಕೂತೆ. ಐದೂ ಐದರಿಂದ ಐದೂ ಎಂಟು. ಆಮೇಲೆ ಕಣ್ಮುಚ್ಚಿ ಅಳಿಸಿದೆ. ಫೋನಿನಲ್ಲಿ ನೀರಿನ ಸದ್ದು ಥಟ್ಟನೆ ನಿಂತ್ಹೋಯ್ತು.

"ಮಾರನೇ ದಿನ ಸಿಕ್ಕ. ಕುರ್ಚಿಲೇ ಕೂತಿದ್ದ, ಕಿವಿಗೆ ಹೆಡ್‌ಫೋನು ಹಾಗೇ ಇತ್ತು. ಕೈಗಡಿಯಾರ ನಾಲ್ಕೂ ಹದಿನಾಲ್ಕಕ್ಕೆ ನಿಂತಿತ್ತು. ಆ ಗಂಟೆಲಿ ಬಂದಿದ್ದು ಇಪ್ಪತ್ತಮೂರು ಕರೆ. ಇಪ್ಪತ್ತಮೂರು ಮನೆಗೂ ಗಾಡಿ ಹೋಗಿತ್ತು."

"ದೊಡ್ಡಜ್ಜಿ... ಆ ಮಗು?" ಮೊಮ್ಮಗಳ ದನಿ ಸಣ್ಣದಾಗಿತ್ತು.

ಅಕ್ಕ ನನ್ನ ಕಡೆ ನೋಡಿದಳು. ಹದಿಮೂರು ವರ್ಷದ ಹಿಂದೆ ಅಂಥದ್ದೇ ಒಂದು ಮಳೆಯ ಸಂಜೆ, ಆರು ವರ್ಷದ ಕೂಸು ನನ್ನ ಮಡಿಲಲ್ಲಿ ನೀಲಿಗಟ್ಟಿತ್ತು. ಮನೆಯಲ್ಲಿ ನಾನೊಬ್ಬಳೇ. ಫೋನಿನಲ್ಲಿ ಒಬ್ಬ ಗಂಡಸು ತಾಳ್ಮೆಯಿಂದ, "ಎದೆ ಒತ್ತಿ ಅಮ್ಮಾ, ನಿಲ್ಲಿಸಬೇಡಿ, ಮೂರು ನಿಮಿಷ, ಗಾಡಿ ಬಂತು," ಎಂದಿದ್ದ. ಅವನ ಹಿಂದೆ ನೀರಿನ ಸದ್ದಿತ್ತು. ಯಾರೋ ನಲ್ಲಿ ಬಿಟ್ಟಿದ್ದಾರೆ ಅಂದುಕೊಂಡಿದ್ದೆ. ಆ ಕೂಸೇ ಈಗ ಅಕ್ಕನ ಶಾಲು ಹೊದ್ದು ಪ್ರಶ್ನೆ ಕೇಳುತ್ತಿತ್ತು.

"ಅಳಿಸಿದ್ದು ಅಳಿಸಿಹೋಯ್ತು ಅನ್ಕೋಬೇಡಿ," ಎಂದಳು ಅಕ್ಕ, ದನಿ ತಗ್ಗಿಸಿ. "ಆ ಕೋಣೆಗೆ ಬೀಗ ಬಿತ್ತು. ಕಚೇರಿ ಯಂತ್ರಗಳನ್ನ ಎರಡು ಸಲ ಬದಲಾಯಿಸಿದ್ರು. ಆದ್ರೂ ಇವತ್ತಿಗೂ ಅವು ಆರಿ ಎದ್ದಾಗಲೆಲ್ಲ ಹೊಳೆ ಕೋಣೆ ದಾರಿ ಮೂರು ನಿಮಿಷ ಕಾಣಿಸ್ಕೊಳ್ಳುತ್ತಂತೆ. ಯಾರೂ ಬರೆದಿಲ್ಲ. ಈಗಿನ ಹುಡುಗರು ನನಗೇ ಫೋನ್ ಮಾಡಿ ಕೇಳ್ತಾರೆ..."

ಕರೆಂಟು ಬಂತು. ಗೋಡೆಯ ಪೆಟ್ಟಿಗೆಯ ದೀಪ ಮಿಣುಕತೊಡಗಿತು. ಈ ಸಲ ಮೊಮ್ಮಗಳು ಅದನ್ನು ಮುಟ್ಟಲಿಲ್ಲ.

"ಕಚೇರಿಲೂ ಯಂತ್ರಗಳು ಈಗಷ್ಟೇ ಎದ್ದಿರ್ತವೆ ನೋಡು," ಎಂದಳು ಅಕ್ಕ. "ಈ ಮೂರು ನಿಮಿಷದಲ್ಲಿ ಯಾರಾದ್ರೂ ಆಂಬುಲೆನ್ಸಿಗೆ ಫೋನ್ ಮಾಡಿದ್ರೆ... ಎತ್ತೋದು ಯಾರು?"

ಗೇಟು ಕಿರುಗುಟ್ಟಿತು. ಬಾಗಿಲಲ್ಲಿ ಆ ಹಳೇ ಡ್ರೈವರ್, ಮಳೆಕೋಟಿನಿಂದ ನೀರು ಸುರಿಯುತ್ತಿತ್ತು. ಮಳೆ ಹಿಡಿದ ಸಂಜೆಗಳಲ್ಲಿ ಅವನು ಬರುವುದೂ, ಅಕ್ಕ ಅವನ ಕೈಗೆ ಊಟದ ಡಬ್ಬಿ ಕೊಡುವುದೂ ಹದಿಮೂರು ವರ್ಷದಿಂದ ನಡೆದಿತ್ತು. ಅವನಿಗೇ ಇರಬೇಕು ಎಂದುಕೊಂಡು ನಾನು ಕೇಳಿರಲಿಲ್ಲ. ಕಳೆದ ವಾರದ ಡಬ್ಬಿಯನ್ನು ಅವನು ನನ್ನತ್ತ ಚಾಚಿದ.

"ಬೆಳಿಗ್ಗೆ ಹೊಳೆ ಕೋಣೆ ಮೆಟ್ಟಿಲ ಮೇಲಿತ್ತಮ್ಮ," ಎಂದ.

ತೆರೆದು ನೋಡಿದೆ. ಶುಭ್ರವಾಗಿ ತೊಳೆದಿತ್ತು. ಮುಚ್ಚಳದ ಅಂಚಿನ ಗೀರಿನಲ್ಲಿ ಮಾತ್ರ ಚೂರು ಹೊಳೆಯ ಮರಳು, ಇನ್ನೂ ಒದ್ದೆ.

ಅಕ್ಕ ಏಳಹೊರಟಳು. ಅವಳ ಹೆಗಲ ಮೇಲೆ ಕೈಯಿಟ್ಟು ಕೂರಿಸಿದೆ. ಅಡುಗೆಮನೆಗೆ ಹೋಗಿ ಬಿಸಿ ಅನ್ನವನ್ನು ಒತ್ತಿ ಒತ್ತಿ ತುಂಬಿದೆ, ಪಲ್ಯವನ್ನು ಎರಡು ಸೌಟು ಹೆಚ್ಚಿಗೆ ಹಾಕಿದೆ. ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ, ಎರಡೂ ಕೈಯಿಂದ ಡ್ರೈವರ್ ಕೈಗೆ ಕೊಟ್ಟೆ.